ಐದು ಮೂರಲ ಹದಿನೈದು: ಗಣಿತದ ರಾಷ್ಟ್ರೀಯ ಮಾನದಂಡಗಳನ್ನು ಬರೆಯುವುದು ಮತ್ತು ತಿದ್ದುವುದು

2015ರಲ್ಲಿ ಅಮೆರಿಕದ ಮಗುವೊಂದರ ಗಣಿತ ಉತ್ತರಪತ್ರಿಕೆಯ ಚಿತ್ರ ಅಂತರ್ಜಾಲದಲ್ಲಿ ಹರಿದಾಡಿತು. 5 × 3 ಎಷ್ಟಾಗುತ್ತದೆ ಎಂಬುದನ್ನು ಮತ್ತೆ ಮತ್ತೆ ಕೂಡುವ ವಿಧಾನದಿಂದ ಕಂಡುಹಿಡಿಯಬೇಕು ಎಂಬುದು ಪ್ರಶ್ನೆ. ಮಗು 5 + 5 + 5 = 15 ಎಂದು ಬರೆದಿತ್ತು. ಅದಕ್ಕೆ ಅಂಕ ಕಳೆದು, 3 + 3 + 3 + 3 + 3 ಎಂದು ತಿದ್ದಲಾಗಿತ್ತು. ಮಗ್ಗಿ ಬಾಯಿಪಾಠ ಮಾಡಿ ಬೆಳೆದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ‘ಐದೊಂದಲ ಐದು, ಐದೆರಡಲ ಹತ್ತು, ಐದು ಮೂರಲ ಹದಿನೈದು’ ಎನ್ನುವಾಗ ಐದು ನಿಂತಲ್ಲೇ ನಿಂತಿರುತ್ತದೆ. ಏರುತ್ತ ಹೋಗುವುದು ಅದನ್ನು ಎಷ್ಟು ಸಲ ತೆಗೆದುಕೊಂಡೆವು ಎಂಬ ಲೆಕ್ಕ. ಅಂದರೆ ಮಗ್ಗಿಯ ರೂಢಿಯಲ್ಲಿ ಆ ಮಗುವಿನ ಉತ್ತರ ಸರಿಯಾದುದಷ್ಟೇ ಅಲ್ಲ, ಬರೆದ ಕ್ರಮವೂ ಸರಿಯೇ.

ಶಿಕ್ಷಕರು ಹಾಗೇಕೆ ತಿದ್ದಿದರು ಎಂದು ಕೇಳಿದವರಿಗೆ ಸಿಕ್ಕ ಸಮರ್ಥನೆ ಒಂದು ವಾಕ್ಯದ ಕಡೆಗೆ ಬೆರಳು ತೋರಿಸಿತು. 2010ರಲ್ಲಿ ಅಮೆರಿಕದ ರಾಜ್ಯಗಳಿಗಾಗಿ ಸಿದ್ಧವಾದ ‘ಕಾಮನ್ ಕೋರ್’ ಮಾನದಂಡಗಳಲ್ಲಿ ಮೂರನೇ ತರಗತಿಯ ಮೊದಲ ಅಂಶವೇ ಗುಣಾಕಾರದ ಅರ್ಥವನ್ನು ಕುರಿತದ್ದು. ಗುಣಲಬ್ಧವನ್ನು ಮಗು ಅರ್ಥೈಸಬೇಕು, ಉದಾಹರಣೆಗೆ 5 × 7 ಎಂದರೆ ತಲಾ 7 ವಸ್ತುಗಳಿರುವ 5 ಗುಂಪುಗಳ ಒಟ್ಟು ಎಂದು ತಿಳಿಯಬೇಕು ಎನ್ನುವುದು ಅದರ ಸಾರಾಂಶ. ಇಲ್ಲಿ ‘ಉದಾಹರಣೆಗೆ’ ಎಂಬ ಪದ ಮುಖ್ಯ. ಅದೇ ಪುಟದಲ್ಲಿ ಸ್ವಲ್ಪ ಕೆಳಗೆ, 6 × 4 = 24 ಎಂದು ಗೊತ್ತಿದ್ದರೆ 4 × 6 ಕೂಡ 24 ಎಂಬುದು ಮಗುವಿಗೆ ತಿಳಿದಿರಬೇಕು ಎಂದೂ ಇದೆ. ಬರೆದವರ ಉದ್ದೇಶ ಗುಣಾಕಾರಕ್ಕೆ ಒಂದು ಅರ್ಥ ಕೊಡುವುದಾಗಿತ್ತು. ಆ ವಾಕ್ಯ ಪಠ್ಯಪುಸ್ತಕಕ್ಕೆ ಬಂದು, ಅಲ್ಲಿಂದ ಅಭ್ಯಾಸದ ಹಾಳೆಗೆ ಇಳಿದು, ಕೊನೆಗೆ ಅಂಕ ಹಾಕುವವರ ಕೈಗೆ ಸಿಗುವಷ್ಟರಲ್ಲಿ ‘ಉದಾಹರಣೆಗೆ’ ಎಲ್ಲೋ ಉದುರಿಹೋಗಿ, ಉದಾಹರಣೆಯೇ ನಿಯಮವಾಗಿ ನಿಂತಿತ್ತು.

ರಾಷ್ಟ್ರೀಯ ಮಾನದಂಡಗಳ ಕುರಿತ ಚರ್ಚೆ ಸಾಮಾನ್ಯವಾಗಿ ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು ಎಂಬುದರ ಸುತ್ತಲೇ ಸುತ್ತುತ್ತದೆ. ಭಾಗಾಕಾರ ಯಾವ ತರಗತಿಗೆ, ಬೀಜಗಣಿತ ಎಂಟಕ್ಕೋ ಒಂಬತ್ತಕ್ಕೋ, ಕ್ಯಾಲ್ಕ್ಯುಲೇಟರ್ ಬೇಕೋ ಬೇಡವೋ. ಇವು ಸಣ್ಣ ಪ್ರಶ್ನೆಗಳೇನೂ ಅಲ್ಲ. ಆದರೆ ಮಾನದಂಡದ ಒಂದು ವಾಕ್ಯ ತರಗತಿಗೆ ತಲುಪುವ ದಾರಿಯ ಬಗ್ಗೆ ನಡೆಯುವ ಚರ್ಚೆ ಕಡಿಮೆ. ತರಗತಿಯಲ್ಲಿ ಅದಕ್ಕೇನಾಯಿತು ಎಂಬ ಸುದ್ದಿ ಬರೆದವರ ಬಳಿಗೆ ಹಿಂದಿರುಗುವ ದಾರಿಯ ಬಗ್ಗೆಯಂತೂ ಇನ್ನೂ ಕಡಿಮೆ. ಆ ಎರಡನೆಯ ದಾರಿ ಇಲ್ಲದ ಪರಿಷ್ಕರಣೆ ನಿಜವಾದ ಪರಿಷ್ಕರಣೆಯಲ್ಲ, ಇನ್ನೊಂದು ಹೊಸ ಬರವಣಿಗೆ ಮಾತ್ರ ಎಂಬುದು ನನ್ನ ವಾದ.

ಮೊದಲು ಮಾನದಂಡ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ಹಂತ ಮುಗಿಯುವಾಗ ಮಗುವಿಗೆ ಏನು ತಿಳಿದಿರಬೇಕು, ಏನು ಮಾಡಲು ಬರಬೇಕು ಎಂದು ಹೇಳುವುದು ಮಾನದಂಡ. ಅದನ್ನು ಯಾವ ಕ್ರಮದಲ್ಲಿ, ಎಷ್ಟು ದಿನದಲ್ಲಿ ಕಲಿಸಬೇಕು ಎಂಬುದು ಪಠ್ಯಕ್ರಮ. ಪಠ್ಯಪುಸ್ತಕ ಆ ಪಠ್ಯಕ್ರಮದ ಒಂದು ರೂಪ, ಪರೀಕ್ಷೆ ಅದರ ಅಳತೆ. ಕಾಗದದ ಮೇಲೆ ಇವು ಬೇರೆ ಬೇರೆಯಾಗಿದ್ದರೂ ಶಾಲೆಯಲ್ಲಿ ಒಂದರೊಳಗೊಂದು ಬೆರೆತುಹೋಗುತ್ತವೆ. ಬಹುಪಾಲು ಶಿಕ್ಷಕರು ಮಾನದಂಡದ ಮೂಲಪ್ರತಿಯನ್ನು ಓದುವುದಿಲ್ಲ. ಪಠ್ಯಪುಸ್ತಕವನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಓದುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ, ಏಕೆಂದರೆ ಅವರನ್ನು ಅಳೆಯುವುದೂ ಅದರಿಂದಲೇ.

ಈ ಇಡೀ ಪ್ರಕ್ರಿಯೆಯನ್ನು ಅದರ ಎಲ್ಲ ಏಳುಬೀಳುಗಳೊಂದಿಗೆ ಕಾಣಲು ಅಮೆರಿಕದ ಅನುಭವ ಉಪಯುಕ್ತ. ಅಲ್ಲಿ ಶಿಕ್ಷಣ ರಾಜ್ಯಗಳ ಹೊಣೆಯಾದ್ದರಿಂದ ರಾಷ್ಟ್ರಮಟ್ಟದ ಮಾನದಂಡವನ್ನು ಮೊದಲು ಬರೆದದ್ದು ಸರ್ಕಾರವಲ್ಲ, ಶಿಕ್ಷಕರ ಸಂಘ. 1920ರಲ್ಲಿ ಸ್ಥಾಪನೆಯಾದ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿ 1989ರಲ್ಲಿ ಪಠ್ಯಕ್ರಮ ಮತ್ತು ಮೌಲ್ಯಮಾಪನದ ಮಾನದಂಡಗಳನ್ನು ಪ್ರಕಟಿಸಿತು. 1991ರಲ್ಲಿ ಬೋಧನೆಯ ಮಾನದಂಡಗಳನ್ನೂ 1995ರಲ್ಲಿ ಪರೀಕ್ಷೆ, ಮೌಲ್ಯಾಂಕನಗಳ ಮಾನದಂಡಗಳನ್ನೂ ಹೊರತಂದಿತು. 1989ರ ದಾಖಲೆ ಸಮಸ್ಯೆ ಬಿಡಿಸುವುದನ್ನು, ತರ್ಕಿಸುವುದನ್ನು, ಗಣಿತವನ್ನು ಮಾತಿನಲ್ಲಿ ಹೇಳುವುದನ್ನು ಮುಂದಕ್ಕೆ ತಂದಿತು. ಜೊತೆಗೆ ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು, ಯಾವುದಕ್ಕೆ ಕಡಿಮೆ ಎಂಬ ಎರಡು ಪಟ್ಟಿಗಳನ್ನೂ ಕೊಟ್ಟಿತು. ಕಡಿಮೆ ಗಮನದ ಪಟ್ಟಿಯಲ್ಲಿ ಕಾಗದ ಪೆನ್ಸಿಲ್ ಹಿಡಿದು ಮಾಡುವ ಜಟಿಲ ಲೆಕ್ಕಗಳಿದ್ದವು, ಉದ್ದ ಭಾಗಾಕಾರವೂ ಇತ್ತು.

ನೂರಾರು ಪುಟಗಳ ದಾಖಲೆಯಲ್ಲಿ ಜನರ ಬಾಯಿಗೆ ಬಿದ್ದದ್ದು ಆ ಪಟ್ಟಿ. ‘ಕಡಿಮೆ ಗಮನ’ ಎಂಬುದನ್ನು ಒಬ್ಬರು ‘ಬಿಟ್ಟುಬಿಡಿ’ ಎಂದು ಓದಿದರೆ ಇನ್ನೊಬ್ಬರು ‘ಗಣಿತವನ್ನೇ ಹಾಳುಮಾಡಿ’ ಎಂದು ಓದಿದರು. ಕ್ಯಾಲಿಫೋರ್ನಿಯಾ 1992ರಲ್ಲಿ ಇದೇ ಒಲವಿನ ಚೌಕಟ್ಟನ್ನು ಒಪ್ಪಿಕೊಂಡು, 1997ರಲ್ಲಿ ತನ್ನ ಮಾನದಂಡಗಳ ಕರಡನ್ನು ಸ್ಟ್ಯಾನ್‌ಫೋರ್ಡ್‌ನ ಗಣಿತಜ್ಞರ ಕೈಯಲ್ಲಿ ತಿದ್ದಿಸಿ ತದ್ವಿರುದ್ಧ ದಿಕ್ಕಿಗೆ ತಿರುಗಿತು. 1999ರ ಅಕ್ಟೋಬರಿನಲ್ಲಿ ಕೇಂದ್ರದ ಶಿಕ್ಷಣ ಇಲಾಖೆ ಹತ್ತು ಗಣಿತ ಪಠ್ಯಮಾಲೆಗಳನ್ನು ಉತ್ತಮವೆಂದು ಶಿಫಾರಸು ಮಾಡಿದಾಗ, ಇನ್ನೂರಕ್ಕೂ ಹೆಚ್ಚು ಗಣಿತಜ್ಞರೂ ವಿಜ್ಞಾನಿಗಳೂ ಸಹಿ ಹಾಕಿದ ಬಹಿರಂಗ ಪತ್ರವೊಂದು ನವೆಂಬರಿನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಜಾಹೀರಾತಾಗಿ ಬಂತು. ಶಿಕ್ಷಣ ಕಾರ್ಯದರ್ಶಿ ರಿಚರ್ಡ್ ರೈಲಿ ಆ ಶಿಫಾರಸನ್ನು ಹಿಂದಕ್ಕೆ ಪಡೆಯಬೇಕೆಂಬುದು ಅದರ ಒತ್ತಾಯ. ಈ ಕಾಲಘಟ್ಟಕ್ಕೆ ‘ಗಣಿತ ಯುದ್ಧ’ ಎಂಬ ಹೆಸರು ಬಿತ್ತು. ಲೆಕ್ಕ ಮಾಡುವ ಚಾಕಚಕ್ಯತೆ ಮತ್ತು ಅರ್ಥ ಮಾಡಿಕೊಳ್ಳುವುದು ಎರಡೂ ಬೇಕು ಎಂದು ಎರಡು ಪಕ್ಷದವರೂ ಪ್ರತ್ಯೇಕವಾಗಿ ಕೇಳಿದಾಗ ಒಪ್ಪುತ್ತಿದ್ದರು. ಎದುರುಬದುರಾದಾಗ ಮಾತ್ರ ಒಪ್ಪುತ್ತಿರಲಿಲ್ಲ.

ಗಲಾಟೆಯ ಸದ್ದಿನಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದೆ ಹೋದದ್ದು, ಆ ಹೊತ್ತಿಗಾಗಲೇ ಶಿಕ್ಷಕರ ಮಂಡಳಿ ತನ್ನ ದಾಖಲೆಯನ್ನು ತಾನೇ ತಿದ್ದಲು ಕೂತಿತ್ತು ಎಂಬ ಸಂಗತಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಪರಿಷ್ಕರಣೆ ಹೇಗಿರಬೇಕು ಎಂಬುದಕ್ಕೆ ನನಗೆ ತಿಳಿದ ಮಟ್ಟಿಗೆ ಇದು ಒಳ್ಳೆಯ ಮಾದರಿ. ಮಂಡಳಿಯು ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಯಂಥ ಗಣಿತಜ್ಞರ ಸಂಘಗಳನ್ನು ಸಂಪರ್ಕಿಸಿ, ತಲಾ ಒಂದು ವಿಮರ್ಶಾ ತಂಡ ರಚಿಸುವಂತೆ ಕೇಳಿಕೊಂಡಿತು. ಆ ತಂಡಗಳಿಗೆ ಕಂತು ಕಂತಾಗಿ ಪ್ರಶ್ನೆಗಳನ್ನು ಕಳಿಸಿತು. ಲೆಕ್ಕದ ಕ್ರಮವಿಧಿಗಳಿಗೆ ಶಾಲಾ ಗಣಿತದಲ್ಲಿ ಯಾವ ಸ್ಥಾನವಿರಬೇಕು ಎಂಬ ಅತಿ ಸೂಕ್ಷ್ಮ ಪ್ರಶ್ನೆಯೂ ಅವುಗಳಲ್ಲಿತ್ತು. ಅಂದರೆ ಟೀಕಿಸುತ್ತಿದ್ದವರ ವೃತ್ತಿಯವರನ್ನೇ ಕರೆದು, ಕರಡು ಬರೆಯುವ ಮೊದಲೇ ಅವರ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿತು. 1998ರ ಅಕ್ಟೋಬರಿನಲ್ಲಿ ಕರಡು ಹೊರಬಂತು. ಅದರ ಸುಮಾರು 30,000 ಪ್ರತಿಗಳು ಹಂಚಿಕೆಯಾದವು. 650ಕ್ಕೂ ಹೆಚ್ಚು ವ್ಯಕ್ತಿಗಳೂ 70ಕ್ಕೂ ಹೆಚ್ಚು ಗುಂಪುಗಳೂ ಅಭಿಪ್ರಾಯ ಕಳಿಸಿದವು. ಬಂದ ಅಭಿಪ್ರಾಯಗಳನ್ನು ಬರಹಗಾರರು ನಿಜವಾಗಿಯೂ ಪರಿಗಣಿಸಿದರೇ ಎಂಬುದನ್ನು ಪರಿಶೀಲಿಸಲು ಹೊರಗಿನ ಸಂಸ್ಥೆಯಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯನ್ನು ಕೇಳಿಕೊಳ್ಳಲಾಯಿತು. ಅಂತಿಮ ರೂಪ ಬಂದದ್ದು 2000ದ ಏಪ್ರಿಲ್‌ನಲ್ಲಿ, ಕರಡಿನ ಒಂದೂವರೆ ವರ್ಷದ ನಂತರ.

ಹೊಸ ದಾಖಲೆಯಲ್ಲಿ ಆ ಎರಡು ಪಟ್ಟಿಗಳಿರಲಿಲ್ಲ. ಲೆಕ್ಕದಲ್ಲಿ ಸರಾಗತೆ ಅತ್ಯಗತ್ಯ ಎಂಬ ಮಾತು ಸ್ಪಷ್ಟವಾಗಿ ಬಂತು. ಸಂಖ್ಯೆ, ಬೀಜಗಣಿತ, ರೇಖಾಗಣಿತ, ಅಳತೆ, ದತ್ತಾಂಶ ಮತ್ತು ಸಂಭವನೀಯತೆ ಎಂಬ ಐದು ವಿಷಯಗಳು ಹಾಗೂ ಸಮಸ್ಯೆ ಬಿಡಿಸುವುದು, ತರ್ಕ ಮತ್ತು ಸಾಧಿಸಿ ತೋರಿಸುವುದು, ಸಂವಹನ, ಸಂಬಂಧ ಕಲ್ಪಿಸುವುದು, ನಿರೂಪಣೆ ಎಂಬ ಐದು ಪ್ರಕ್ರಿಯೆಗಳು ಶಾಲಾಪೂರ್ವ ಹಂತದಿಂದ ಹನ್ನೆರಡನೇ ತರಗತಿಯವರೆಗೆ ಒಂದೇ ಎಳೆಯಾಗಿ ಸಾಗಿದವು. ಮೊದಲಿನ ಆಶಯವನ್ನು ಕೈಬಿಡದೆ, ತಪ್ಪಾಗಿ ಓದಲು ಎಡೆಮಾಡಿದ ಜಾಗವನ್ನು ಮಾತ್ರ ತಿದ್ದಿದ್ದರು.

ಹಾಗೆಂದು ಎಲ್ಲವೂ ಸರಿಹೋಗಲಿಲ್ಲ. 1995ರ ಅಂತರರಾಷ್ಟ್ರೀಯ ಗಣಿತ ಮತ್ತು ವಿಜ್ಞಾನ ಅಧ್ಯಯನದ ಜೊತೆಗೆ ನಡೆದ ಪಠ್ಯಕ್ರಮಗಳ ಹೋಲಿಕೆ, ಅಮೆರಿಕದ ಗಣಿತ ಪಠ್ಯಕ್ರಮ ‘ಒಂದು ಮೈಲಿ ಅಗಲ, ಒಂದು ಅಂಗುಲ ಆಳ’ ಎಂದು ಹೇಳಿತ್ತು. ಒಂದೇ ವಿಷಯ ನಾಲ್ಕೈದು ತರಗತಿಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು, ಯಾವ ತರಗತಿಯಲ್ಲೂ ಮುಗಿಯುತ್ತಿರಲಿಲ್ಲ. ತರಗತಿಗಳ ಗುಂಪಿಗೆ ಮಾನದಂಡ ಬರೆದರೆ ಹೀಗಾಗುವುದು ಸಹಜ: ಮೂರರಿಂದ ಐದರವರೆಗೆ ಎಂದು ಬರೆದರೆ ಮೂವರೂ ಶಿಕ್ಷಕರು ಸ್ವಲ್ಪ ಸ್ವಲ್ಪ ಕಲಿಸಿ ಮುಂದಕ್ಕೆ ದಾಟಿಸುತ್ತಾರೆ. ಆದ್ದರಿಂದ 2006ರಲ್ಲಿ ಮಂಡಳಿ ಎಂಟನೇ ತರಗತಿಯವರೆಗೆ ಪ್ರತಿ ತರಗತಿಗೂ ಮೂರೇ ಮೂರು ಕೇಂದ್ರ ವಿಷಯಗಳನ್ನು ಗುರುತಿಸಿತು. ಕಾಮನ್ ಕೋರ್ ಹುಟ್ಟಿದ್ದು ಈ ನೆಲದ ಮೇಲೆ.

ಕಾಮನ್ ಕೋರ್‌ನ ಗಣಿತ ಭಾಗವನ್ನು ಗಣಿತದ ದೃಷ್ಟಿಯಿಂದ ಓದಿದರೆ ಅದು ಎಚ್ಚರದಿಂದ ಹೆಣೆದ ದಾಖಲೆ. ಒಂದು ಎಳೆಯನ್ನಷ್ಟೇ ಹಿಡಿದು ನೋಡೋಣ. ಮೂರನೇ ತರಗತಿಯ ಕೊನೆಗೆ ಒಂದಂಕಿಯ ಸಂಖ್ಯೆಗಳ ಗುಣಲಬ್ಧಗಳೆಲ್ಲ ನೆನಪಿನಲ್ಲಿರಬೇಕು. ಅನೇಕ ಅಂಕಿಗಳ ಕೂಡುವ, ಕಳೆಯುವ ರೂಢಿಯ ಕ್ರಮ ನಾಲ್ಕನೇ ತರಗತಿಗೆ ಸರಾಗವಾಗಬೇಕು. ಗುಣಿಸುವ ಕ್ರಮ ಐದಕ್ಕೆ, ಭಾಗಿಸುವ ಕ್ರಮ ಆರಕ್ಕೆ. ಅಷ್ಟು ತಡವೇಕೆ ಎಂದು ಪೋಷಕರು ಕೇಳಿದ್ದುಂಟು. ಆದರೆ ಭಾಗಾಕಾರ ತಡವಾಗಿ ಆರಂಭವಾಗುವುದಿಲ್ಲ. ಮೂರನೇ ತರಗತಿಯಲ್ಲೇ ಹಂಚುವುದು, ಗುಂಪು ಮಾಡುವುದು ಶುರುವಾಗುತ್ತದೆ. ನಾಲ್ಕು ಮತ್ತು ಐದರಲ್ಲಿ ಸ್ಥಾನಬೆಲೆಯನ್ನು ಬಳಸಿ ಭಾಗಿಸುತ್ತಾರೆ. 96ನ್ನು 4ರಿಂದ ಭಾಗಿಸುವ ಮಗು 80 ಮತ್ತು 16 ಎಂದು ಒಡೆದು, 20 ಮತ್ತು 4 ಪಡೆದು, 24 ಎಂದು ಕೂಡಬಹುದು. ಆರನೇ ತರಗತಿಗೆ ಬಂದು ರೂಢಿಯ ಭಾಗಾಕಾರ ಕಲಿಯುವಾಗ ಒಂಬತ್ತರಲ್ಲಿ ನಾಲ್ಕು ಎರಡು ಸಲ ಹೋಗುತ್ತದೆ ಎಂದರೆ ಅಲ್ಲಿರುವುದು ಒಂಬತ್ತಲ್ಲ, ಒಂಬತ್ತು ಹತ್ತುಗಳು ಎಂಬುದು ಆ ಮಗುವಿಗೆ ಗೊತ್ತಿರುತ್ತದೆ. ದಶಮಾಂಶಗಳ ಭಾಗಾಕಾರವೂ ಅನುಪಾತವೂ ಅದೇ ವರ್ಷ ಬರುವುದು ಆಕಸ್ಮಿಕವಲ್ಲ. ಇಂಥ ಹೆಣಿಗೆಯಲ್ಲಿ ಒಂದು ಎಳೆಯನ್ನು ಎಳೆದರೆ ಉಳಿದವೂ ಬಿಗಿಯುತ್ತವೆ ಅಥವಾ ಸಡಿಲಾಗುತ್ತವೆ. ಯಾರದೋ ಒತ್ತಾಯಕ್ಕೆ ಭಾಗಾಕಾರವನ್ನು ಒಂದು ವರ್ಷ ಹಿಂದಕ್ಕೆ ತಂದರೆ ಅದಕ್ಕೂ ಹಿಂದಿನದೆಲ್ಲ ಇನ್ನಷ್ಟು ಹಿಂದಕ್ಕೆ ಸರಿಯಬೇಕು, ಇಲ್ಲವೇ ಅರ್ಥವನ್ನು ಬಿಟ್ಟು ಕ್ರಮವನ್ನಷ್ಟೇ ಕಲಿಸಬೇಕು.

ದಾಖಲೆಯ ಗುಣ ಹೀಗಿದ್ದರೂ ಅದನ್ನು ಜಾರಿಗೆ ತಂದ ರೀತಿ ಅದಕ್ಕೆ ಮುಳುವಾಯಿತು. 2010ರ ಮಾರ್ಚಿನಲ್ಲಿ ಕರಡು ಬಂದು, ಸುಮಾರು ಹತ್ತು ಸಾವಿರ ಅಭಿಪ್ರಾಯಗಳು ಸೇರಿ, ಜೂನ್ 2ಕ್ಕೆ ಅಂತಿಮ ರೂಪ ಹೊರಬಿತ್ತು. ಮೂರು ತಿಂಗಳೂ ತುಂಬಿರಲಿಲ್ಲ. ಕೇಂದ್ರ ಸರ್ಕಾರದ 435 ಕೋಟಿ ಡಾಲರ್‌ಗಳ ಸ್ಪರ್ಧಾತ್ಮಕ ಅನುದಾನಕ್ಕೆ ಅರ್ಜಿ ಹಾಕುವ ರಾಜ್ಯಗಳು ಇಂಥ ಸಮಾನ ಮಾನದಂಡಗಳನ್ನು ಆಗಸ್ಟ್ 2ರೊಳಗೆ ಒಪ್ಪಿಕೊಂಡಿದ್ದರೆ ಹೆಚ್ಚು ಅಂಕ ಸಿಗುತ್ತಿತ್ತು. ಸರಿಯಾಗಿ ಎರಡು ತಿಂಗಳು. ನಲವತ್ತಕ್ಕೂ ಹೆಚ್ಚು ರಾಜ್ಯಗಳು ಒಪ್ಪಿದವು. ಆ ಅವಸರದಲ್ಲಿ ಎಷ್ಟು ಕಡೆ ಓದಿ ಒಪ್ಪಿದರೋ ಹೇಳುವುದು ಕಷ್ಟ. 2014ರಲ್ಲಿ ಇಂಡಿಯಾನಾ, ಒಕ್ಲಹೋಮಾಗಳು ಹೊರಬಂದವು. ಅವು ಹೊರಬಂದದ್ದು ಭಿನ್ನರಾಶಿಯನ್ನು ಸಂಖ್ಯಾರೇಖೆಯ ಮೇಲೆ ಕಲಿಸುವುದು ಸರಿಯೋ ತಪ್ಪೋ ಎಂದು ಪರೀಕ್ಷಿಸಿ ಅಲ್ಲ. ಕೇಂದ್ರದ ಹಸ್ತಕ್ಷೇಪ ಎಂಬ ರಾಜಕೀಯ ಸಿಟ್ಟಿನಿಂದ. ಮುಖ್ಯವಾದ ಕೊರತೆ ಇನ್ನೊಂದಿತ್ತು. ಈ ಮಾನದಂಡಗಳನ್ನು ಮುಂದೆ ಯಾರು, ಯಾವಾಗ, ಯಾವ ಸಾಕ್ಷ್ಯದ ಮೇಲೆ ತಿದ್ದುತ್ತಾರೆ ಎಂಬ ಶಾಶ್ವತ ವ್ಯವಸ್ಥೆ ರೂಪುಗೊಳ್ಳಲಿಲ್ಲ. 5 × 3ರ ಉತ್ತರಪತ್ರಿಕೆಯನ್ನು ನೋಡಿ, ‘ನಮ್ಮ ಉದಾಹರಣೆ ನಿಯಮವಾಗಿಬಿಟ್ಟಿದೆ, ಒಂದು ಸಾಲು ಸೇರಿಸೋಣ’ ಎನ್ನಬಲ್ಲ ಅಧಿಕಾರ ಯಾರ ಬಳಿಯೂ ಇರಲಿಲ್ಲ. ಜನರ ಮುಂದೆ ಉಳಿದದ್ದು ಇಡಿಯಾಗಿ ಇಟ್ಟುಕೊಳ್ಳುವುದು ಅಥವಾ ಇಡಿಯಾಗಿ ಎಸೆಯುವುದು.

ಜಪಾನಿನಲ್ಲಿ ಆ ವ್ಯವಸ್ಥೆಯಿದೆ. ಅಲ್ಲಿನ ರಾಷ್ಟ್ರೀಯ ಪಠ್ಯಕ್ರಮ ಸರಿಸುಮಾರು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆಗೊಳ್ಳುತ್ತದೆ. ಹಾಗಿದ್ದೂ ತೊಂದರೆ ತಪ್ಪಲಿಲ್ಲ ಎಂಬುದಕ್ಕೆ ಪೈ ಬೆಲೆಯ ಕಥೆ ಸಾಕ್ಷಿ. ಮಕ್ಕಳ ಹೊರೆ ಇಳಿಸಬೇಕೆಂದು 1998ರಲ್ಲಿ ರೂಪಿಸಿ 2002ರಿಂದ ಜಾರಿಗೆ ತಂದ ಪಠ್ಯಕ್ರಮ ಪಾಠದ ಪ್ರಮಾಣವನ್ನು ಸುಮಾರು ಶೇ 30ರಷ್ಟು ಕಡಿತಗೊಳಿಸಿತು. ಪೈ ಬೆಲೆಯಾಗಿ 3.14ನ್ನೇ ಬಳಸಬೇಕು, ಉದ್ದೇಶಕ್ಕೆ ತಕ್ಕಂತೆ 3ನ್ನು ಬಳಸಿ ಲೆಕ್ಕ ಮಾಡಲೂ ಬರಬೇಕು ಎಂದು ಅದರಲ್ಲಿತ್ತು. ಜನರ ಬಾಯಲ್ಲಿ ಅದು ‘ಇನ್ನು ಮುಂದೆ ಪೈ ಎಂದರೆ 3’ ಎಂದಾಯಿತು. ಬರೆದದ್ದು ಹಾಗಿರಲಿಲ್ಲ ನಿಜ. ಆದರೆ ಸುಳ್ಳಿನಲ್ಲೂ ಒಂದು ಎಳೆ ಸತ್ಯವಿತ್ತು: ಅದೇ ಪಠ್ಯಕ್ರಮ ದಶಮಾಂಶ ಗುಣಾಕಾರವನ್ನು ಹತ್ತನೇ ಸ್ಥಾನದವರೆಗೆ ಮಾತ್ರ ಮಿತಿಗೊಳಿಸಿದ್ದರಿಂದ, 3.14ರಿಂದ ಕೈಯಲ್ಲಿ ಗುಣಿಸುವುದನ್ನು ಮಕ್ಕಳಿಗೆ ಕಲಿಸಿರಲೇ ಇಲ್ಲ. ಒಂದು ಕಡೆ ಕಡಿದದ್ದು ಇನ್ನೊಂದು ಕಡೆ ನೋವಾಗಿ ಕಾಣಿಸಿಕೊಂಡಿತು. 2003ರ ಟೋಕಿಯೊ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ‘ಪೈ 3.05ಕ್ಕಿಂತ ದೊಡ್ಡದು ಎಂದು ಸಾಧಿಸಿ’ ಎಂಬ ಒಂದೇ ಸಾಲಿನ ಪ್ರಶ್ನೆ ಬಂದಾಗ, ಅದು ಪಠ್ಯಕ್ರಮಕ್ಕೆ ಗಣಿತಜ್ಞರು ಕೊಟ್ಟ ಮೊಟಕು ಎಂದೇ ಹಲವರು ಓದಿಕೊಂಡರು.

ಜಪಾನಿನಿಂದ ಕಲಿಯಬೇಕಾದ್ದು ಮುಂದಿನ ಹೆಜ್ಜೆಯನ್ನು. 2008ರ ಪರಿಷ್ಕರಣೆ ಕಡಿದುಹಾಕಿದ್ದ ಎಷ್ಟೋ ಪಾಠಗಳನ್ನು ಮರಳಿ ತಂದಿತು. ಪ್ರಾಥಮಿಕ ಶಾಲೆಗಳಲ್ಲಿ ಪೂರ್ಣ ಜಾರಿಯಾದದ್ದು 2011ರಲ್ಲಿ. ನಡುವಿನ ಅವಧಿಯಲ್ಲಿ, 2009ರಿಂದಲೇ, ಗಣಿತ ಮತ್ತು ವಿಜ್ಞಾನಗಳಿಗೆ ಪರಿವರ್ತನೆಯ ವಿಶೇಷ ಕ್ರಮಗಳು ಶುರುವಾದವು. ಗಣಿತದಲ್ಲಿ ಇದು ಅನಿವಾರ್ಯ. ಹೊಸ ಮಾನದಂಡದ ಪ್ರಕಾರ ನಾಲ್ಕರಲ್ಲಿ ಕಲಿಸಬೇಕಾದ ವಿಷಯ ಹಳೆಯದರ ಪ್ರಕಾರ ಐದರಲ್ಲಿದ್ದರೆ, ಜಾರಿಯ ವರ್ಷ ನಾಲ್ಕರಿಂದ ಐದಕ್ಕೆ ದಾಟುವ ಮಕ್ಕಳು ಆ ವಿಷಯವನ್ನು ಹಿಂದೆಯೂ ಕಲಿತಿರುವುದಿಲ್ಲ, ಮುಂದೆಯೂ ಕಲಿಯುವುದಿಲ್ಲ. ಇತಿಹಾಸದ ಒಂದು ಅಧ್ಯಾಯ ತಪ್ಪಿದರೆ ಮುಂದಿನದನ್ನು ಓದಿಕೊಳ್ಳಬಹುದು. ಭಿನ್ನರಾಶಿ ತಪ್ಪಿದ ಮಗುವಿಗೆ ಬೀಜಗಣಿತದ ಬಾಗಿಲು ತೆರೆಯುವುದಿಲ್ಲ. ಎಲ್ಲ ತರಗತಿಗಳಲ್ಲೂ ಒಂದೇ ದಿನ ಹೊಸ ಪುಸ್ತಕ ಹಂಚುವ ಸಂಭ್ರಮದಲ್ಲಿ ಮೊದಲು ಮರೆತುಹೋಗುವುದು ಈ ಮಧ್ಯದ ಮಕ್ಕಳು.

ಎಷ್ಟು ವರ್ಷಕ್ಕೊಮ್ಮೆ ತಿದ್ದಬೇಕು ಎಂಬುದಕ್ಕೆ ಎಲ್ಲರೂ ಒಪ್ಪುವ ಅಂಕಿಯಿಲ್ಲ. ಸಮಸ್ಯೆ ಬಿಡಿಸುವುದನ್ನು ನಡುವಿನಲ್ಲಿಟ್ಟು, ಸುತ್ತ ಪರಿಕಲ್ಪನೆ, ಕೌಶಲ, ಪ್ರಕ್ರಿಯೆ, ಮನೋಭಾವ ಮತ್ತು ತನ್ನ ಯೋಚನೆಯನ್ನು ತಾನೇ ಗಮನಿಸಿಕೊಳ್ಳುವುದು ಎಂಬ ಐದು ಬಾಹುಗಳನ್ನಿಟ್ಟ ಪಂಚಭುಜವನ್ನು ಸಿಂಗಪುರ 1990ರಲ್ಲಿ ರೂಪಿಸಿತು. ಅಲ್ಲಿಂದೀಚೆಗೆ ಪಠ್ಯವನ್ನು ಹಲವು ಬಾರಿ ತಿದ್ದಿದರೂ ಆ ಆಕೃತಿಯನ್ನು ಉಳಿಸಿಕೊಂಡು ಬಂದಿದೆ. ಭಾರತದಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗೂ 2023ರ ಶಾಲಾ ಶಿಕ್ಷಣದ ಚೌಕಟ್ಟಿಗೂ ನಡುವೆ ಹದಿನೆಂಟು ವರ್ಷಗಳ ಅಂತರ. ಹದಿನೆಂಟು ವರ್ಷವೆಂದರೆ ಒಂದು ಮಗು ಹುಟ್ಟಿ ಶಾಲೆ ಮುಗಿಸುವ ಕಾಲ. 2005ರ ಚೌಕಟ್ಟಿಗಾಗಿ ಸಿದ್ಧವಾದ ಗಣಿತ ಬೋಧನೆಯ ನಿಲುವು ಪತ್ರ, ಮಗುವಿನ ಚಿಂತನೆಯನ್ನು ಗಣಿತೀಯವಾಗಿಸುವುದೇ ಗಣಿತ ಶಿಕ್ಷಣದ ಮುಖ್ಯ ಗುರಿ ಎಂದು ಹೇಳಿತ್ತು. ಮಾತು ಚೆನ್ನಾಗಿದೆ. ಆದರೆ ಆ ಗುರಿ ಎಷ್ಟರಮಟ್ಟಿಗೆ ಈಡೇರಿತು ಎಂದು ಅಳೆಯುವ ಪ್ರಶ್ನೆಪತ್ರಿಕೆ ಹೇಗಿರಬೇಕು ಎಂಬುದು ಅಷ್ಟೇ ಗಟ್ಟಿಯಾಗಿ ತೀರ್ಮಾನವಾಗದಿದ್ದರೆ, ಗುರಿ ಮುನ್ನುಡಿಯಲ್ಲೇ ಉಳಿಯುತ್ತದೆ.

ಅಳತೆಯ ಪ್ರಶ್ನೆ ಇಂಗ್ಲೆಂಡಿನಲ್ಲಿ ಇನ್ನೊಂದು ರೂಪದಲ್ಲಿ ಕಾಣುತ್ತದೆ. 2014ರಿಂದ ಜಾರಿಯಲ್ಲಿರುವ ಅಲ್ಲಿನ ಪಠ್ಯಕ್ರಮದ ಪ್ರಕಾರ ‘ನಾಲ್ಕನೇ ವರ್ಷ’ ಎಂಬ ತರಗತಿಯ ಕೊನೆಗೆ ಹನ್ನೆರಡರವರೆಗಿನ ಮಗ್ಗಿ ಬಾಯಿಗೆ ಬರಬೇಕು. ಹನ್ನೆರಡು ಪೆನ್ಸ್ ಸೇರಿದರೆ ಒಂದು ಷಿಲ್ಲಿಂಗ್ ಎಂಬ ಹಳೆಯ ನಾಣ್ಯಗಳ ಲೆಕ್ಕ 1971ರಲ್ಲೇ ಹೋಯಿತಾದರೂ ಹನ್ನೆರಡರ ಮಗ್ಗಿ ಹೋಗಿಲ್ಲ. 2022ರಿಂದ ಇದಕ್ಕೆ ಕಡ್ಡಾಯ ಪರೀಕ್ಷೆಯಿದೆ: ಪರದೆಯ ಮೇಲೆ 25 ಪ್ರಶ್ನೆಗಳು, ಒಂದೊಂದಕ್ಕೂ ಆರು ಸೆಕೆಂಡು. ಸರಾಗತೆ, ತರ್ಕ, ಸಮಸ್ಯೆ ಬಿಡಿಸುವುದು ಎಂಬ ಮೂರು ಗುರಿಗಳನ್ನು ಆ ಪಠ್ಯಕ್ರಮವೇ ಹೇಳುತ್ತದೆ. ಆರು ಸೆಕೆಂಡಿನಲ್ಲಿ ಅಳೆಯಬಹುದಾದದ್ದು ಅವುಗಳಲ್ಲಿ ಒಂದನ್ನು ಮಾತ್ರ. ಮಗ್ಗಿಯ ವಿರೋಧಿ ನಾನಲ್ಲ. ಏಳೆಂಟಲ ಎಷ್ಟು ಎಂದು ಬೆರಳು ಎಣಿಸುವ ಮಗುವಿಗೆ ಭಿನ್ನರಾಶಿಯ ಸಮಚ್ಛೇದ ಕಾಣುವುದಿಲ್ಲ. ಆದರೆ ಸುಲಭವಾಗಿ ಅಳೆಯಬಹುದಾದ ಮಾನದಂಡ ಅಳೆಯಲಾಗದ ಮಾನದಂಡವನ್ನು ಕ್ರಮೇಣ ನುಂಗುತ್ತದೆ.

ಬೋಧನೆಯ ಮಾನದಂಡಗಳಿಗಂತೂ ಈ ಕಷ್ಟ ಇನ್ನೂ ಹೆಚ್ಚು. ಮಗುವಿಗೆ ಏನು ಗೊತ್ತಿರಬೇಕು ಎಂದು ಬರೆಯುವುದಕ್ಕಿಂತ ಶಿಕ್ಷಕ ಹೇಗೆ ಕಲಿಸಬೇಕು ಎಂದು ಬರೆಯುವುದು ಬೇರೆಯೇ ಕೆಲಸ. 1991ರ ಅಮೆರಿಕದ ದಾಖಲೆ ಶಿಕ್ಷಕ ಆಯ್ದುಕೊಳ್ಳುವ ಸಮಸ್ಯೆಗಳ ಗುಣ, ತರಗತಿಯ ಮಾತುಕತೆಯಲ್ಲಿ ಶಿಕ್ಷಕನ ಪಾತ್ರ, ವಿದ್ಯಾರ್ಥಿಗಳ ಪಾತ್ರ ಇತ್ಯಾದಿ ಆರು ಮಾನದಂಡಗಳನ್ನು ಕೊಟ್ಟಿತ್ತು. ಅದನ್ನು ಬರೆದ ಶಿಕ್ಷಕರ ಮಂಡಳಿಯೇ 2014ರಲ್ಲಿ ಎಂಟು ಬೋಧನಾ ಪದ್ಧತಿಗಳನ್ನು ಹೇಳಿತು. ಮಗು ಉತ್ತರಕ್ಕಾಗಿ ಸಾರ್ಥಕವಾಗಿ ಒದ್ದಾಡಲು ಅವಕಾಶ ಕೊಡಬೇಕು ಎಂಬುದು ಅವುಗಳಲ್ಲೊಂದು. ನಲವತ್ತೈದು ನಿಮಿಷದ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತ ಪರಿವೀಕ್ಷಕರಿಗೆ ಸಾರ್ಥಕ ಒದ್ದಾಟ ಯಾವುದು, ಬರಿಯ ಒದ್ದಾಟ ಯಾವುದು ಎಂದು ಹೇಗೆ ತಿಳಿಯಬೇಕು? ಅವರ ಕೈಯಲ್ಲಿರುವ ನಮೂನೆಯಲ್ಲಿ ಹೌದು ಅಥವಾ ಇಲ್ಲ ಎಂಬ ಎರಡೇ ಚೌಕಗಳಿದ್ದರೆ, ಶಿಕ್ಷಕಿ ಬೇಗನೆ ಉತ್ತರ ಹೇಳಿಬಿಟ್ಟರೆ ‘ಇಲ್ಲ’, ಮಕ್ಕಳು ಅರ್ಧ ಗಂಟೆ ಪೆನ್ಸಿಲ್ ಕಚ್ಚಿಕೊಂಡು ಕೂತರೆ ‘ಹೌದು’.

ಈಚಿನ ಕ್ಯಾಲಿಫೋರ್ನಿಯಾ ಪ್ರಸಂಗ ಪರಿಷ್ಕರಣೆಯ ಇನ್ನೊಂದು ಮುಖವನ್ನು ತೋರಿಸುತ್ತದೆ. ಅಲ್ಲಿನ ಹೊಸ ಗಣಿತ ಚೌಕಟ್ಟಿನ ಕರಡು 2021ರಲ್ಲಿ ಬಂದು, ತೀವ್ರ ಟೀಕೆಗೆ ಗುರಿಯಾಗಿ, ಮತ್ತೆ ಬರೆಯಿಸಿಕೊಂಡು, 2023ರ ಜುಲೈಯಲ್ಲಿ ಅಂಗೀಕಾರವಾಯಿತು. ಪ್ರೌಢಶಾಲೆಯಲ್ಲಿ ದತ್ತಾಂಶ ವಿಜ್ಞಾನ ‘ಎರಡನೇ ಬೀಜಗಣಿತ’ ಎಂಬ ಮುಂದಿನ ಹಂತದ ಬೀಜಗಣಿತ ಪಾಠಕ್ಕೆ ಬದಲಿಯಾಗಬಹುದೇ ಎಂಬುದು ವಿವಾದದ ಒಂದು ಮುಖ್ಯ ಎಳೆ. ಅದೇ ಜುಲೈಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರವೇಶ ಸಮಿತಿ, ಪರಿಚಯಾತ್ಮಕ ದತ್ತಾಂಶ ವಿಜ್ಞಾನವನ್ನು ಎರಡನೇ ಬೀಜಗಣಿತಕ್ಕೆ ಸಮವೆಂದು ಪರಿಗಣಿಸಲಾಗದು ಎಂದು ತೀರ್ಮಾನಿಸಿತು. ಶಾಲೆಯ ಮಾನದಂಡವನ್ನು ಶಾಲೆಯವರೇ ನಿರ್ಧರಿಸುತ್ತಾರೆ ಎಂಬುದು ಅರ್ಧ ಸತ್ಯ. ಮುಂದಿನ ಬಾಗಿಲಲ್ಲಿ ನಿಂತವರು ಏನು ಕೇಳುತ್ತಾರೋ ಅದು ಉಳಿದರ್ಧ. ಅವರನ್ನು 1997ರ ಸುಮಾರಿಗೆ ಶಿಕ್ಷಕರ ಮಂಡಳಿ ಮಾಡಿದಂತೆ ಕರಡಿಗೆ ಮುಂಚೆಯೇ ಕೂರಿಸಿಕೊಂಡು ಕೇಳಬಹುದು, ಇಲ್ಲವೇ ಅಂಗೀಕಾರದ ತಿಂಗಳಲ್ಲಿ ಅವರ ಉತ್ತರವನ್ನು ಪತ್ರಿಕೆಯಲ್ಲಿ ಓದಬಹುದು.

ಹಿಂದಿರುಗುವ ದಾರಿ ಎಂದೆನಲ್ಲ, ಅದಕ್ಕೆ ದೊಡ್ಡ ಸಮಿತಿಯೇನೂ ಬೇಕಿಲ್ಲ. ಪ್ರತಿ ಮಾನದಂಡದ ವಾಕ್ಯದೆದುರು ಮಕ್ಕಳು ನಿಜವಾಗಿ ಬರೆದ ಕೆಲವು ಉತ್ತರಗಳು, ಅವಕ್ಕೆ ಶಿಕ್ಷಕರು ಹಾಕಿದ ಅಂಕ, ಅಂಕ ಹಾಕಿದ ಕಾರಣ ಇಷ್ಟು ಸಂಗ್ರಹವಾಗಬೇಕು. ವರ್ಷಕ್ಕೊಮ್ಮೆ ವಾಕ್ಯ ಬರೆದವರು ಅದನ್ನು ಓದಿ, ವಾಕ್ಯ ತಪ್ಪೇ, ಉದಾಹರಣೆ ತಪ್ಪೇ, ಪುಸ್ತಕ ತಪ್ಪೇ, ಅಥವಾ ಅಂಕ ಹಾಕುವ ಸೂಚನೆ ತಪ್ಪೇ ಎಂದು ಬೇರ್ಪಡಿಸಿ, ತಿದ್ದಿದ್ದನ್ನೂ ತಿದ್ದದಿರುವುದನ್ನೂ ಕಾರಣಸಹಿತ ಪ್ರಕಟಿಸಬೇಕು. ಹಾಗೆ ಮಾಡಿದ್ದಿದ್ದರೆ 5 + 5 + 5 ಎಂದು ಬರೆದ ಮಗುವಿನ ಹಾಳೆ ಅಂತರ್ಜಾಲದ ನಗೆಪಾಟಲಾಗುವ ಬದಲು ಆ ಕಡತದ ಒಂದು ಪುಟವಾಗುತ್ತಿತ್ತು, ಮತ್ತು ಮರುವರ್ಷ ಆ ವಾಕ್ಯದ ಕೆಳಗೆ ಒಂದು ಸಾಲು ಸೇರುತ್ತಿತ್ತು: ಮಗು ಗುಂಪುಗಳನ್ನು ಯಾವ ಕ್ರಮದಲ್ಲಿ ಎಣಿಸಿದರೂ, ತಾನು ಎಣಿಸಿದ್ದೇನು ಎಂದು ಹೇಳಬಲ್ಲುದಾದರೆ ಪೂರ್ಣ ಅಂಕ.